ಮೀನಿನ ಕಾರ್ಖಾನೆಯೊಳಗೊಂದು ಕಡಲು

ಮಕ್ಕಳನ್ನು ಕರೆದುಕೊಂಡು ಮತ್ಸ್ಯಾಲಯ ನೋಡಲು ಹೊರಡುವವರು ಮೊದಲು ವಿಚಾರಿಸುವುದು ಯಾವುದು ಎಲ್ಲಕ್ಕಿಂತ ದೊಡ್ಡದು ಎಂದು. ದುಬೈನ ಮಾಲ್‌ನಲ್ಲಿ ಒಂದು ಕೋಟಿ ಲೀಟರ್ ನೀರು ಹಿಡಿಯುವ ತೊಟ್ಟಿಯಿದೆ. ಅಟ್ಲಾಂಟಾದ ಜಾರ್ಜಿಯಾ ಅಕ್ವೇರಿಯಂನಲ್ಲಿ ತಿಮಿಂಗಿಲ ಶಾರ್ಕ್‌ಗಳನ್ನೇ ಸಾಕಿದ್ದಾರೆ. ಬೆರಗಿನ ಮಾತೇ, ಸಂದೇಹವಿಲ್ಲ. ಆದರೂ ಮತ್ಸ್ಯಾಲಯವನ್ನು ಆರಿಸುವಾಗ ನಾನು ಕೇಳುವುದು ಬೇರೆ: ತೊಟ್ಟಿಯ ನೀರು ಎಲ್ಲಿಂದ ಬಂತು? ಒಳಗಿರುವ ಜೀವಿಗಳಿಗೂ ಆ ಊರಿಗೂ ಏನು ಸಂಬಂಧ? ಈ ಪ್ರಶ್ನೆಗೆ ನಾನು ಬಲ್ಲಂತೆ ಅತ್ಯಂತ ಪ್ರಾಮಾಣಿಕ ಉತ್ತರ ಕೊಡುವುದು ಕ್ಯಾಲಿಫೋರ್ನಿಯಾದ ಮಾಂಟೆರೆ ಬೇ ಅಕ್ವೇರಿಯಂ. ಸ್ಯಾನ್ ಹೋಸೆ, ಸನ್ನಿವೇಲ್ ಕಡೆ ನೆಲೆಸಿರುವ ಮಗನ ಮನೆಗೋ ಮಗಳ ಮನೆಗೋ ಹೋಗಿ ಉಳಿಯುವ ನಮ್ಮ ಅಜ್ಜ ಅಜ್ಜಿಯರು, ಮೊಮ್ಮಕ್ಕಳ ಜೊತೆ ಒಂದೇ ದಿನದಲ್ಲಿ ಕಾರಿನಲ್ಲಿ ಹೋಗಿ ಬರಬಹುದಾದ ಊರು ಅದು.

ಮತ್ಸ್ಯಾಲಯ ನಿಂತಿರುವ ಬೀದಿಯ ಹೆಸರು ಕ್ಯಾನರಿ ರೋ. 1945ರಲ್ಲಿ ಜಾನ್ ಸ್ಟೈನ್‌ಬೆಕ್ ಬರೆದ ಕಾದಂಬರಿಯ ಹೆಸರೂ ಅದೇ. ಕಡಲಿಗೆ ಅಂಟಿಕೊಂಡ ಆ ಬೀದಿಯುದ್ದಕ್ಕೂ ಒಂದು ಕಾಲಕ್ಕೆ ಸಾರ್ಡೀನ್ ಮೀನನ್ನು ಡಬ್ಬಿಗೆ ತುಂಬುವ ಕಾರ್ಖಾನೆಗಳಿದ್ದವು. ಡಬ್ಬಿ ತುಂಬಿದ್ದಷ್ಟೇ ಅಲ್ಲ, ರಾಶಿರಾಶಿ ಮೀನನ್ನು ಅರೆದು ಗೊಬ್ಬರ, ಎಣ್ಣೆ, ಕೋಳಿಯ ಮೇವು ಮಾಡಿದರು. 1940ರ ದಶಕದಲ್ಲಿ ಶಿಖರ ಮುಟ್ಟಿದ ಈ ಉದ್ಯಮ 1950ರ ದಶಕದ ಹೊತ್ತಿಗೆ ಕುಸಿದುಬಿತ್ತು. ಅತಿಯಾಗಿ ಬಲೆ ಬೀಸಿದ್ದು ಒಂದು ಕಾರಣ, ಕಡಲಿನ ಬಿಸಿ ಏರಿಳಿದದ್ದು ಇನ್ನೊಂದು. ಕೊನೆಯವರೆಗೂ ಉಳಿದುಕೊಂಡಿದ್ದ ಹೋವ್ಡೆನ್ ಕಾರ್ಖಾನೆ 1973ರಲ್ಲಿ ಬಾಗಿಲು ಹಾಕಿತು. ಮತ್ಸ್ಯಾಲಯ ಎದ್ದು ನಿಂತದ್ದು ಆ ಕಾರ್ಖಾನೆಯ ಜಾಗದಲ್ಲಿಯೇ. ಹಳೆಯ ಬಾಯ್ಲರ್‌ಗಳನ್ನು ಇವತ್ತಿಗೂ ಪ್ರವೇಶದ ಬಳಿ ಉಳಿಸಿಕೊಂಡಿದ್ದಾರೆ. ಮಕ್ಕಳು ಜೆಲ್ಲಿ ಮೀನು ನೋಡಲು ಓಡುವ ಮುನ್ನ ಅಲ್ಲಿ ಐದು ನಿಮಿಷ ನಿಲ್ಲಿಸಿ ಈ ಕಥೆ ಹೇಳಬೇಕು. ಬೂತಾಯಿ, ಅಂದರೆ ನಮ್ಮ ಕರಾವಳಿಯ ಸಾರ್ಡೀನ್, ಒಂದು ವರ್ಷ ರಾಶಿ ಬಿದ್ದು ಮತ್ತೊಂದು ವರ್ಷ ಕಾಣೆಯಾಗುವುದನ್ನು ಕಂಡ ಮಂಗಳೂರು, ಮಲ್ಪೆಯವರಿಗೆ, ಫಿಶ್‌ಮೀಲ್ ಫ್ಯಾಕ್ಟರಿಯ ವಾಸನೆ ಬಲ್ಲವರಿಗೆ, ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕಾರ್ಖಾನೆಯ ಜಾಗದಲ್ಲಿ ಮತ್ಸ್ಯಾಲಯ ಕಟ್ಟುವ ಯೋಚನೆ ಹೊಳೆದದ್ದು ಪಕ್ಕದ ಹಾಪ್ಕಿನ್ಸ್ ಸಾಗರ ಸಂಶೋಧನಾ ಕೇಂದ್ರದ ಜೀವವಿಜ್ಞಾನಿಗಳಿಗೆ. ಹಣ ಕೊಟ್ಟವರು ಹ್ಯೂಲೆಟ್ ಪ್ಯಾಕರ್ಡ್ ಕಂಪನಿಯ ಡೇವಿಡ್ ಪ್ಯಾಕರ್ಡ್ ಮತ್ತು ಪತ್ನಿ ಲ್ಯೂಸಿಲ್, ಸುಮಾರು 5.5 ಕೋಟಿ ಡಾಲರ್. 1984ರ ಅಕ್ಟೋಬರ್ 20ರಂದು ಬಾಗಿಲು ತೆರೆಯಿತು. ಮಗಳು ಜೂಲಿ ಪ್ಯಾಕರ್ಡ್ ಆರಂಭದಿಂದ ದಶಕಗಳ ಕಾಲ ಅದನ್ನು ಮುನ್ನಡೆಸಿದರು.

ಅಲ್ಲಿ ಎಲ್ಲಕ್ಕಿಂತ ಹೆಚ್ಚು ಹೊತ್ತು ಕಳೆಯಬೇಕಾದದ್ದು ಕೆಲ್ಪ್ ಕಾಡಿನ ಮುಂದೆ. ಕೆಲ್ಪ್ ಎಂದರೆ ತಣ್ಣೀರಿನ ಕಡಲಲ್ಲಿ ಮರದಷ್ಟು ಎತ್ತರ ಬೆಳೆಯುವ ಕಂದು ಪಾಚಿ. 28 ಅಡಿ ಎತ್ತರದ ತೊಟ್ಟಿ, ಮೇಲೆ ಚಾವಣಿಯಿಲ್ಲ, ನೇರ ಬಿಸಿಲು. ಜೀವಂತ ಕೆಲ್ಪ್ ಕಾಡನ್ನು ತೊಟ್ಟಿಯಲ್ಲಿ ಬೆಳೆಸಿ ತೋರಿಸಿದ ಮೊದಲ ಮತ್ಸ್ಯಾಲಯ ಇದು, ಮತ್ತು ಅದು ಸುಲಭದ ಕೆಲಸವಾಗಿರಲಿಲ್ಲ. ಕೆಲ್ಪ್‌ಗೆ ನೆಲದಿಂದ ಆಹಾರ ಹೀರುವ ಬೇರಿಲ್ಲ. ಬುಡದಲ್ಲಿರುವುದು ಬಂಡೆಯನ್ನು ಹಿಡಿದುಕೊಳ್ಳುವ ಹಿಡಿಕೆ ಮಾತ್ರ. ಪೋಷಕಾಂಶವೆಲ್ಲ ಎಲೆಗಳ ಮೇಲೆ ಹಾಯುವ ನೀರಿನಿಂದಲೇ ಸಿಗಬೇಕು, ಹಾಗಾಗಿ ನಿಂತ ನೀರಿನಲ್ಲಿ ಅದು ಸೊರಗುತ್ತದೆ. ಅದಕ್ಕೆಂದೇ ತೊಟ್ಟಿಯಲ್ಲಿ ಅಲೆ ಎಬ್ಬಿಸುವ ಯಂತ್ರವಿದೆ. ಯಂತ್ರ ನೀರನ್ನು ಒತ್ತಿ ಬಿಟ್ಟಾಗಲೆಲ್ಲ ಇಡೀ ಕಾಡು ಒಮ್ಮೆ ಅತ್ತ, ಒಮ್ಮೆ ಇತ್ತ ಓಲಾಡುತ್ತದೆ, ಗಾಳಿಗೆ ತೂಗುವ ಅಡಿಕೆ ತೋಟದ ಹಾಗೆ. ಅದರ ನಡುವೆ ಚುಕ್ಕೆಯ ಲೆಪರ್ಡ್ ಶಾರ್ಕ್‌ಗಳು ಸುಳಿಯುತ್ತವೆ. ದಿನದ ಗೊತ್ತಾದ ಹೊತ್ತಿಗೆ ಮುಳುಗುಗಾರರು ಇಳಿದು ಮೀನುಗಳಿಗೆ ಆಹಾರ ಕೊಡುತ್ತಾರೆ, ಮುಖಗವಸಿನ ಮೈಕಿನಲ್ಲಿ ಮಾತಾಡುತ್ತ ಪ್ರೇಕ್ಷಕರ ಪ್ರಶ್ನೆಗಳಿಗೆ ಉತ್ತರಿಸುತ್ತಾರೆ. ಮಕ್ಕಳಿಗೆ ಪ್ರಶ್ನೆ ಸಿದ್ಧಮಾಡಿಕೊಂಡು ಹೋಗಲು ಹೇಳಿ.

ಇಷ್ಟಕ್ಕೂ ನೀರು ಪಕ್ಕದ ಕೊಲ್ಲಿಯದೇ. ಹಗಲು ಜನ ನೋಡುವ ಹೊತ್ತಿನಲ್ಲಿ ಅದನ್ನು ಸೋಸಿ ತಿಳಿಯಾಗಿಸುತ್ತಾರೆ. ರಾತ್ರಿ ಸೋಸದೆ ಹಾಗೆಯೇ ಬಿಡುತ್ತಾರೆ. ಆ ಹಸಿ ನೀರಿನ ಜೊತೆ ಕಣ್ಣಿಗೆ ಕಾಣದ ಮರಿಗಳು, ಬೀಜಾಣುಗಳು, ಪ್ಲವಕಗಳು ಒಳಬಂದು ಗೋಡೆಗೆ, ಬಂಡೆಗೆ ಕಚ್ಚಿಕೊಂಡು ಬೆಳೆಯುತ್ತವೆ. ಯಾರೂ ತಂದಿಡದ ಜೀವಿಗಳು ತಾವಾಗಿ ಬಂದು ಸೇರಿಕೊಳ್ಳುವ ಮತ್ಸ್ಯಾಲಯ! ನನ್ನನ್ನು ಈ ಜಾಗಕ್ಕೆ ಒಲಿಸಿದ್ದು ಇದೊಂದೇ ಸಂಗತಿ ಎಂದರೂ ತಪ್ಪಿಲ್ಲ.

ಮಕ್ಕಳಿಗೆ ಮಾತ್ರ ಕಡಲ ನೀರುನಾಯಿಗಳೇ ಬೇಕು. ತುಂಗಭದ್ರೆಯಲ್ಲಿ ನಮ್ಮದೇ ನೀರುನಾಯಿಗಳಿವೆ, ಹಂಪಿಯ ಆಸುಪಾಸಿನಲ್ಲಿ ಅವುಗಳಿಗಾಗಿ ಮೀಸಲು ಪ್ರದೇಶವೂ ಇದೆ. ಇವು ಅವುಗಳ ಕಡಲಿನ ನೆಂಟರು. ಮೈಯಲ್ಲಿ ತಿಮಿಂಗಿಲಕ್ಕಿರುವಂಥ ಕೊಬ್ಬಿನ ಪದರವಿಲ್ಲ. ಚಳಿ ತಡೆಯಲು ದಟ್ಟ ತುಪ್ಪಳ ಮತ್ತು ದಿನಕ್ಕೆ ತಮ್ಮ ತೂಕದ ಕಾಲು ಭಾಗದಷ್ಟು ಊಟ. ಆ ತುಪ್ಪಳದ ಆಸೆಗೆ ಬೇಟೆಗಾರರು ಅವನ್ನು ಎಷ್ಟು ಕೊಂದರೆಂದರೆ, ಕ್ಯಾಲಿಫೋರ್ನಿಯಾದಲ್ಲಿ ಸಂತತಿಯೇ ಅಳಿಯಿತೆಂದುಕೊಂಡಿದ್ದರು. 1938ರಲ್ಲಿ ಬಿಗ್ ಸರ್ ಕರಾವಳಿಯಲ್ಲಿ ಒಂದು ಸಣ್ಣ ಹಿಂಡು ಜನರ ಕಣ್ಣಿಗೆ ಬಿತ್ತು. ಈಗ ಸುಮಾರು 3,000 ಇವೆ. ನೀರುನಾಯಿ ಕಡಲ ಮುಳ್ಳುಚೆಂಡನ್ನು (ಸೀ ಅರ್ಚಿನ್) ತಿನ್ನುತ್ತದೆ, ಮುಳ್ಳುಚೆಂಡು ಕೆಲ್ಪನ್ನು ತಿನ್ನುತ್ತದೆ. ಮೊದಲನೆಯದು ಹೋದರೆ ಕೊನೆಯದೂ ಹೋದಂತೆ.

ತಾಯಿ ತಪ್ಪಿದ ಮರಿಗಳು ದಡಕ್ಕೆ ಬಂದು ಬಿದ್ದಾಗ ಈ ಮತ್ಸ್ಯಾಲಯದವರು ಎತ್ತಿ ತರುತ್ತಾರೆ. ಮರಿ ಮನುಷ್ಯರನ್ನು ಹಚ್ಚಿಕೊಳ್ಳಬಾರದೆಂದು ಸಿಬ್ಬಂದಿ ಮುಖ, ಮೈ ಮರೆಮಾಡುವ ಕಪ್ಪು ಉಡುಪು ತೊಟ್ಟು ಅದರ ಬಳಿ ಹೋಗುತ್ತಾರೆ. ಇಲ್ಲಿರುವ ಹೆಣ್ಣು ನೀರುನಾಯಿಗಳೇ ಸಾಕುತಾಯಂದಿರಾಗಿ ಚಿಪ್ಪು ಒಡೆಯುವುದನ್ನು, ಬೇಟೆ ಹುಡುಕುವುದನ್ನು ಕಲಿಸುತ್ತವೆ. ಹೀಗೆ ಬೆಳೆದು ಬಿಡುಗಡೆಯಾದ ಮರಿಗಳು ಮತ್ತು ಅವುಗಳ ಸಂತಾನವೇ ಹತ್ತಿರದ ಎಲ್ಕ್‌ಹಾರ್ನ್ ಸ್ಲೂ ಅಳಿವೆಯಲ್ಲಿ ಹೆಚ್ಚಿದ ಸಂಖ್ಯೆಯ ಅರ್ಧಕ್ಕಿಂತ ಹೆಚ್ಚು ಪಾಲು ಎಂದು 2019ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಗಾಜಿನ ಆಚೆ ನೀವು ನೋಡುವುದು, ಮರಳಿ ಕಡಲಿಗೆ ಬಿಟ್ಟರೆ ಬದುಕಲಾರವು ಎಂದು ಸರ್ಕಾರ ನಿರ್ಧರಿಸಿದ ಪ್ರಾಣಿಗಳನ್ನು.

ಡಾಲ್ಫಿನ್ ಜಿಗಿತ, ಚೆಂಡಾಟದ ಪ್ರದರ್ಶನ ಇಲ್ಲಿಲ್ಲ. ಇರಬಾರದೆಂದೇ ನನ್ನ ಅಭಿಪ್ರಾಯ. ಭಾರತ ಸರ್ಕಾರವೂ 2013ರಲ್ಲಿ ಡಾಲ್ಫಿನೇರಿಯಂಗಳಿಗೆ ಅನುಮತಿ ಇಲ್ಲವೆಂದು ಹೇಳಿದೆ. ಪ್ರವಾಸದಲ್ಲಿ ಬೇರೆ ಎಲ್ಲಿಗೇ ಹೋದರೂ ಅಂಥ ಪ್ರದರ್ಶನದ ಜಾಹೀರಾತು ಕಂಡರೆ ಆ ಜಾಗವನ್ನು ಪಟ್ಟಿಯಿಂದ ತೆಗೆಯಿರಿ. ಮಾಂಟೆರೆಯವರ ನಿಲುವಿಗೆ ಇನ್ನೊಂದು ಸಾಕ್ಷಿ: 2004ರಲ್ಲಿ ಅಲ್ಲಿಗೆ ತಂದ ಒಂದು ಎಳೆಯ ಬಿಳಿ ಶಾರ್ಕ್ 198 ದಿನ ಇತ್ತು. ಜನ ಮುಗಿಬಿದ್ದರು, ಹಾಗಿದ್ದೂ ಅದನ್ನು 2005ರ ಮಾರ್ಚ್‌ನಲ್ಲಿ ಕಡಲಿಗೇ ಬಿಟ್ಟರು.

'ಓಪನ್ ಸೀ' ವಿಭಾಗದ ದೊಡ್ಡ ತೊಟ್ಟಿಯಲ್ಲಿ ಟ್ಯೂನಾಗಳ ಜೊತೆ ಸಾವಿರಾರು ಸಾರ್ಡೀನ್‌ಗಳು ಬೆಳ್ಳಿಯಾಗಿ ಹೊಳೆಯುತ್ತ ಒಟ್ಟಾಗಿ ತಿರುಗುತ್ತವೆ. ಡಬ್ಬಿ ಸೇರುತ್ತಿದ್ದ ಜಾಗದಲ್ಲೇ ಅವು ಈಜುವುದನ್ನು ಕಂಡಾಗ, ಬಾಯ್ಲರ್ ಮುಂದೆ ಹೇಳಿದ ಕಥೆ ಮಕ್ಕಳಿಗೆ ತಾನಾಗಿ ಅರ್ಥವಾಗುತ್ತದೆ.

ಟಿಕೆಟ್ಟನ್ನು ಆನ್‌ಲೈನಿನಲ್ಲಿ ಮುಂಚಿತವಾಗಿ ಕಾದಿರಿಸಿ, ರಜೆಯ ವಾರಾಂತ್ಯಗಳನ್ನು ಬಿಟ್ಟು ವಾರದ ನಡುವೆ ಬಾಗಿಲು ತೆರೆಯುವ ಹೊತ್ತಿಗೇ ಹೋಗಿ. ಜೂನ್, ಜುಲೈನಲ್ಲೂ ಅಲ್ಲಿ ಮಂಜು ಕವಿದು ಚಳಿಯಿರುತ್ತದೆ. ಅಜ್ಜಿಗೆ ಸ್ವೆಟರ್, ಶಾಲು ಮರೆಯಬೇಡಿ. ಕಾರು ನಿಲ್ಲಿಸಲು ಜಾಗ ಹುಡುಕಬೇಕಾಗುತ್ತದೆ, ಅದಕ್ಕೂ ಅರ್ಧ ಗಂಟೆ ಇಟ್ಟುಕೊಳ್ಳಿ. ಹಿಂಬದಿಯ ಜಗಲಿಗೆ ಹೋಗದೆ ಮಾತ್ರ ಬರಬೇಡಿ. ಅಲ್ಲಿಂದ ಕೊಲ್ಲಿ ಪೂರ್ತಿ ಕಾಣುತ್ತದೆ, ದುರ್ಬೀನು ಹಿಡಿದರೆ ಕೆಲ್ಪ್ ನಡುವೆ ಬೆನ್ನ ಮೇಲೆ ತೇಲುವ ಕಾಡು ನೀರುನಾಯಿಗಳು ಸಿಗುತ್ತವೆ, ಅದಕ್ಕೆ ಟಿಕೆಟ್ಟಿನ ಹಂಗೂ ಇಲ್ಲ: ಕರಾವಳಿಯ ಕಾಲುಹಾದಿಯಲ್ಲಿ ಪೆಸಿಫಿಕ್ ಗ್ರೋವ್ ಕಡೆ ನಡೆದು ಹೋದರೂ ಅವನ್ನು ನೋಡಬಹುದು.