ಅಂಡಾಶಯ: ಎಡವೂ ಬಲವೂ ಒಂದೇ ಅಲ್ಲ

ಗರ್ಭಕೋಶದ ಇಕ್ಕೆಲಗಳಲ್ಲಿರುವ ಅಂಡಾಶಯಗಳು ಅವಳಿಗಳಂತೆ ಕಂಡರೂ ಅವುಗಳ ನೆರೆಹೊರೆ ಬೇರೆ ಬೇರೆ. ಎಡಕ್ಕೆ ದೊಡ್ಡಕರುಳಿನ ಕೊನೆಯ ಬಾಗು, ಅಂದರೆ ಸಿಗ್ಮಾಯ್ಡ್ ಕರುಳು ಇದೆ. ಬಲಕ್ಕೆ ಅಪೆಂಡಿಕ್ಸ್ ಇದ್ದು, ಸ್ಥಳವೂ ತುಸು ಸಡಿಲ.

ಈ ಭೇದ ರೋಗಗಳಲ್ಲಿಯೂ ತೋರುತ್ತದೆ. ಎಂಡೊಮೆಟ್ರಿಯೋಸಿಸ್‌ನಿಂದಾಗುವ ‘ಚಾಕೊಲೇಟ್ ಸಿಸ್ಟ್’ ಎಡ ಅಂಡಾಶಯದಲ್ಲಿ ಹೆಚ್ಚು. ಮುಟ್ಟಿನ ರಕ್ತದ ಸ್ವಲ್ಪ ಭಾಗ ಹಿಮ್ಮುಖವಾಗಿ ಹರಿದು ಹೊಟ್ಟೆಯೊಳಗೆ ಸೇರುವುದೇ ಈ ರೋಗಕ್ಕೆ ಕಾರಣವೆಂದು ಅಮೆರಿಕದ ವೈದ್ಯ ಜಾನ್ ಸ್ಯಾಂಪ್ಸನ್ 1927ರಲ್ಲಿ ವಾದಿಸಿದರು. ಆ ರಕ್ತ ಸಿಗ್ಮಾಯ್ಡ್ ಕರುಳಿನ ಮರೆಯಲ್ಲಿ ತಂಗುವುದರಿಂದ ಎಡಕ್ಕೆ ಬಾಧೆ ಹೆಚ್ಚೆಂಬುದು ಹಲವು ತಜ್ಞರ ವಿವರಣೆ.

ಅಂಡಾಶಯವು ತಿರುಚಿಕೊಂಡು ರಕ್ತಸಂಚಾರ ನಿಲ್ಲುವ ತೊಂದರೆಯಾದರೋ ಬಲಕ್ಕೆ ಹೆಚ್ಚು. ಬಲ ಮತ್ತು ಎಡದ ಪ್ರಮಾಣ ಸುಮಾರು 3:2. ಎಡ ಅಂಡಾಶಯ ಹೊರಳದಂತೆ ಆ ಕರುಳೇ ತಡೆಯುತ್ತದೆಂದು ಭಾವಿಸಲಾಗಿದೆ.

ನಾವು ಇದನ್ನು ಅರಿತಿರಬೇಕಾದ ಕಾರಣವಿದೆ. ಬಲ ಕಿಬ್ಬೊಟ್ಟೆಯಲ್ಲಿ ಹಠಾತ್ ನೋವು, ವಾಂತಿ ಕಂಡೊಡನೆ ನಮಗೆ ನೆನಪಾಗುವುದು ಅಪೆಂಡಿಕ್ಸ್ ಮಾತ್ರ. ಹೆಣ್ಣುಮಕ್ಕಳಲ್ಲಿ ಅದು ತಿರುಚಿದ ಅಂಡಾಶಯವೂ ಆಗಿರಬಹುದು. ಇನ್ನೂ ಮೈನೆರೆಯದ ಬಾಲಕಿಯರೂ ಇದಕ್ಕೆ ಹೊರತಲ್ಲ. ‘ಮುಟ್ಟಿನ ನೋವು, ತಾನಾಗಿ ಹೋಗುತ್ತದೆ’ ಎಂದು ಕಷಾಯ ಕುಡಿಸಿ ಕಾದರೆ ಅಂಡಾಶಯವನ್ನೇ ಕಳೆದುಕೊಳ್ಳಬೇಕಾದೀತು. ಬೇಗನೆ ಶಸ್ತ್ರಚಿಕಿತ್ಸೆಯಾದರೆ ತಿರುಚನ್ನು ಬಿಡಿಸಿ ಅದನ್ನು ಉಳಿಸಿಕೊಳ್ಳುವ ಸಾಧ್ಯತೆ ಹೆಚ್ಚು.

ಅಂತೆಯೇ, ತಿಂಗಳು ತಿಂಗಳೂ ಕಾಡುವ ತೀವ್ರ ನೋವು ಯಾವ ಬದಿಯದಾದರೂ ಸಹಿಸಿಕೊಳ್ಳತಕ್ಕದ್ದಲ್ಲ. ಬದಿ ಒಂದು ಸುಳಿವು ಮಾತ್ರ. ನಿರ್ಣಯ ಸ್ತ್ರೀರೋಗ ತಜ್ಞರದು. ನಮ್ಮ ಮನೆಗಳ ಹೆಣ್ಣುಮಕ್ಕಳು ಸಂಕೋಚವಿಲ್ಲದೆ ನೋವನ್ನು ಹೇಳಿಕೊಳ್ಳುವಂತಾಗಲಿ. ನಾವು ಅದನ್ನು ಕಿವಿಗೊಟ್ಟು ಕೇಳೋಣ.