ದೂರದ ಸೈಕಲ್ ಪ್ರವಾಸದಿಂದ ಬಂದವರು ಏಕಾಏಕಿ ವಿಶ್ರಾಂತಿ ಪಡೆದರೆ ಹೃದಯಕ್ಕೆ ಅಪಾಯವೇ?

ನಮ್ಮ ಗೆಳೆಯರೊಬ್ಬರು ಆರು ದಿನ ಸೈಕಲ್ ತುಳಿದು ಬೆಂಗಳೂರಿನಿಂದ ಕನ್ಯಾಕುಮಾರಿ ತಲುಪಿದರು. ವಾಪಸ್ ಬಂದದ್ದು ರಾತ್ರಿ ಬಸ್ಸಿನಲ್ಲಿ. ಮರುದಿನ ಎದ್ದಾಗ ಎಡಗೈಯ ಕಿರುಬೆರಳು, ಉಂಗುರ ಬೆರಳು ಜೋಮು ಹಿಡಿದಿದ್ದವು. ಈ ವಿಷಯ ಮನೆಯ ವಾಟ್ಸಾಪ್ ಗ್ರೂಪಿಗೆ ಹೋಗಿದ್ದೇ ತಡ, ಫಾರ್ವರ್ಡ್‌ಗಳು ಶುರುವಾದವು. ಅವನ್ನು ಓದಿದ ಅವರ ತಾಯಿ, "ಮೊದಲು ಆ ಸೈಕಲ್ ಮಾರಿಬಿಡು" ಎಂದರು. ಗೆಳೆಯರು ಆ ಸಂದೇಶಗಳನ್ನೆಲ್ಲ ನಮಗೆ ಕಳಿಸಿದರು. ಅವುಗಳಲ್ಲಿದ್ದ ನಾಲ್ಕು ಮಾತುಗಳನ್ನು ಒಂದೊಂದಾಗಿ ನೋಡೋಣ.

ಮಾತು 1: ಸೈಕಲ್ ಏಕಾಏಕಿ ನಿಲ್ಲಿಸಿದರೆ ಹೃದಯ ನಿಲ್ಲುತ್ತದೆ

ಇದು ತಪ್ಪು. ಆದರೆ ಈ ಮಾತು ಎಲ್ಲಿಂದ ಹುಟ್ಟಿತು ಎಂದು ಊಹಿಸಬಹುದು. ಜೋರಾಗಿ ಸೈಕಲ್ ತುಳಿಯುವಾಗ ಕಾಲಿನ ರಕ್ತನಾಳಗಳು ಹಿಗ್ಗಿರುತ್ತವೆ. ಆಗ ತಟ್ಟನೆ ನಿಂತುಬಿಟ್ಟರೆ ರಕ್ತ ಕಾಲಿನಲ್ಲೇ ಉಳಿದು ತಲೆ ಸುತ್ತಬಹುದು, ಕೆಲವರು ಬೀಳಲೂಬಹುದು. ಹಾಗಾಗಿ ಕೊನೆಯ ಐದು-ಹತ್ತು ನಿಮಿಷ ನಿಧಾನವಾಗಿ ತುಳಿದು ನಿಲ್ಲಿಸಿ ಎನ್ನುತ್ತಾರೆ. ಇದು ಆ ಹತ್ತು ನಿಮಿಷಕ್ಕೆ ಹೇಳಿದ ಸಲಹೆ. ಫಾರ್ವರ್ಡ್‌ಗಳಲ್ಲಿ ಅದು ಪ್ರವಾಸ ಮುಗಿದ ನಂತರದ ದಿನಗಳಿಗೂ ಹಬ್ಬಿಕೊಂಡಿದೆ. ಮನೆಗೆ ಬಂದು ಎರಡು ದಿನ ಚೆನ್ನಾಗಿ ಮಲಗಿದರೆ ಆರೋಗ್ಯವಂತರ ಹೃದಯಕ್ಕೆ ಏನೂ ಆಗುವುದಿಲ್ಲ.

ನಿಜವಾಗಿ ಕಡಿಮೆಯಾಗುವುದು ದಮ್ಮು. 1984ರಲ್ಲಿ ಎಡ್ವರ್ಡ್ ಕಾಯ್ಲ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನದಲ್ಲಿ ಚೆನ್ನಾಗಿ ಪಳಗಿದ್ದ 7 ಜನರು ಅಭ್ಯಾಸವನ್ನು ಪೂರ್ತಿ ನಿಲ್ಲಿಸಿದ್ದರು. ದೇಹ ಗರಿಷ್ಠವಾಗಿ ಬಳಸಬಲ್ಲ ಆಮ್ಲಜನಕದ ಪ್ರಮಾಣ 21 ದಿನಗಳಲ್ಲಿ ಸುಮಾರು ಶೇ. 7ರಷ್ಟು, 84 ದಿನಗಳಲ್ಲಿ ಶೇ. 16ರಷ್ಟು ಇಳಿದಿತ್ತು. ಮತ್ತೆ ಅಭ್ಯಾಸ ಆರಂಭಿಸಿದರೆ ದಮ್ಮು ಮರಳಿ ಬರುತ್ತದೆ.

ಮಾತು 2: ಸ್ನಾಯುಗಳೆಲ್ಲ ಕೊಬ್ಬಾಗಿ ಬದಲಾಗುತ್ತವೆ

ಸಾಧ್ಯವಿಲ್ಲ. ಸ್ನಾಯುವೇ ಬೇರೆ, ಕೊಬ್ಬೇ ಬೇರೆ. ಒಂದು ಇನ್ನೊಂದಾಗುವುದಿಲ್ಲ. ಹಾಗಾದರೆ ಪ್ರವಾಸ ಮುಗಿಸಿದ ಕೆಲವರಿಗೆ ಹೊಟ್ಟೆ ಬರುವುದೇಕೆ? ಲೆಕ್ಕ ಸರಳ. 70 ಕೆ.ಜಿ. ತೂಕದ ವ್ಯಕ್ತಿ ಸಾಧಾರಣ ವೇಗದಲ್ಲಿ ಒಂದು ಗಂಟೆ ಸೈಕಲ್ ತುಳಿದರೆ ಸುಮಾರು 400ರಿಂದ 500 ಕ್ಯಾಲೊರಿ ಖರ್ಚಾಗುತ್ತದೆ. ದಿನಕ್ಕೆ ಆರು ಗಂಟೆ ಎಂದರೆ 2,400ರಿಂದ 3,000. ಮನೆಗೆ ಬಂದ ದಿನ ಆ ಖರ್ಚು ನಿಲ್ಲುತ್ತದೆ, ಆದರೆ ನಾಲ್ಕು ದೋಸೆ ತಿನ್ನುವ ಅಭ್ಯಾಸ ನಿಲ್ಲುವುದಿಲ್ಲ. ಮೊದಲ ಒಂದೆರಡು ದಿನ ಹಸಿವಾದಷ್ಟು ಉಣ್ಣಿ. ಆಮೇಲೆ ನಿಧಾನವಾಗಿ ಮೊದಲಿನ ಅಳತೆಗೆ ಬನ್ನಿ.

ಮಾತು 3: ತೊಡೆಯಲ್ಲಿ ಉಳಿದ ಲ್ಯಾಕ್ಟಿಕ್ ಆಮ್ಲವನ್ನು ಮಾಲೀಷು ಮಾಡಿಸಿ ಹೊರಹಾಕಬೇಕು

ಶ್ರಮದಿಂದ ಹೆಚ್ಚಾದ ಲ್ಯಾಕ್ಟೇಟ್ ಅನ್ನು ದೇಹವೇ ಒಂದೆರಡು ಗಂಟೆಯೊಳಗೆ ಬಳಸಿಕೊಳ್ಳುತ್ತದೆ. ಮರುದಿನದ ನೋವಿಗೆ ಕಾರಣ ಸ್ನಾಯುವಿನ ಎಳೆಗಳಿಗೆ ಆದ ಸೂಕ್ಷ್ಮ ಪೆಟ್ಟು. ಅದು ಸಾಮಾನ್ಯವಾಗಿ ಎರಡು-ಮೂರು ದಿನ ಹೆಚ್ಚಿದ್ದು ತಾನಾಗಿಯೇ ಇಳಿಯುತ್ತದೆ. ಹಗುರ ಮಾಲೀಷು ಹಿತವೆನಿಸಿದರೆ ಮಾಡಿಸಿಕೊಳ್ಳಿ, ಆದರೆ ಅದರಿಂದ ಯಾವ ಆಮ್ಲವೂ ಹೊರಬರುವುದಿಲ್ಲ. ಮೈಕೈ ನೋವೆಂದು ಮೇಲಿಂದ ಮೇಲೆ ನೋವಿನ ಮಾತ್ರೆ ನುಂಗಬೇಡಿ. ನೀರು ಕಡಿಮೆಯಾದ ದೇಹದಲ್ಲಿ ಐಬುಪ್ರೊಫೇನ್, ಡೈಕ್ಲೋಫೆನಾಕ್‌ನಂತಹ ಮಾತ್ರೆಗಳು ಮೂತ್ರಪಿಂಡಕ್ಕೆ ಹಾನಿ ಮಾಡಬಹುದು.

ಮಾತು 4: ಬೆರಳು ಜೋಮು ಹಿಡಿದರೆ ಲಕ್ವದ ಸೂಚನೆ

ಹ್ಯಾಂಡಲ್ ಮೇಲೆ ದಿನಗಟ್ಟಲೆ ಭಾರ ಹಾಕಿದಾಗ ಮಣಿಕಟ್ಟಿನ ಒಳಭಾಗದಲ್ಲಿ ಹಾದುಹೋಗುವ ಅಲ್ನಾರ್ ನರ ಒತ್ತಿಹೋಗುತ್ತದೆ. ಕಿರುಬೆರಳಿಗೂ ಉಂಗುರ ಬೆರಳಿನ ಒಂದು ಪಕ್ಕಕ್ಕೂ ಸ್ಪರ್ಶ ತಿಳಿಸುವುದು ಇದೇ ನರ. ಒತ್ತಡ ತಪ್ಪಿದ ಮೇಲೆ ಹೆಚ್ಚಿನವರಿಗೆ ಕೆಲವು ದಿನ ಅಥವಾ ವಾರಗಳಲ್ಲಿ ಸರಿಹೋಗುತ್ತದೆ. ಜೋಮು ಇಳಿಯದಿದ್ದರೆ, ಅಂಗಿಯ ಗುಂಡಿ ಹಾಕಲು ಬೆರಳು ಸೋತರೆ ವೈದ್ಯರಿಗೆ ತೋರಿಸಿ. ಲಕ್ವದ ಲಕ್ಷಣಗಳು ಬೇರೆ: ಮುಖ ಒಂದು ಕಡೆಗೆ ವಾಲುವುದು, ಒಂದು ಕೈ ಅಥವಾ ಕಾಲು ಇದ್ದಕ್ಕಿದ್ದಂತೆ ಬಲ ಕಳೆದುಕೊಳ್ಳುವುದು, ಮಾತು ತೊದಲುವುದು. ಹಾಗಾದರೆ ಒಂದು ನಿಮಿಷವೂ ಕಾಯದೆ 108ಕ್ಕೆ ಕರೆ ಮಾಡಿ.

ಫಾರ್ವರ್ಡ್‌ಗಳು ಹೇಳದೆ ಬಿಟ್ಟದ್ದು

ಫೋನಿನಲ್ಲಿ ಇಷ್ಟೆಲ್ಲ ವಿವರಿಸಿದ ಮೇಲೆ ಗೆಳೆಯರು, "ಬಲಗಾಲಿನ ಮೀನಖಂಡ ಮಾತ್ರ ಸ್ವಲ್ಪ ಊದಿದೆ, ಸುಸ್ತಿಗಿರಬೇಕು" ಎಂದರು. ನಾವು ಬೆಚ್ಚಿದ್ದು ಆಗ. ದೇಹದಲ್ಲಿ ನೀರು ಕಡಿಮೆಯಾಗಿ, ಅದರ ಮೇಲೆ ನಾಲ್ಕು ಗಂಟೆಗೂ ಹೆಚ್ಚು ಕಾಲ ಬಸ್ಸಿನಲ್ಲಿ ಕೂತೇ ಬಂದರೆ ಕಾಲಿನ ಒಳನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಸಾಧ್ಯತೆ ಇರುತ್ತದೆ. ಆ ಹೆಪ್ಪು ಶ್ವಾಸಕೋಶ ಸೇರಿದರೆ ಜೀವಕ್ಕೇ ಅಪಾಯ. ಅದೇ ದಿನ ಸ್ಕ್ಯಾನ್ ಮಾಡಿಸಿದರು. ಹೆಪ್ಪು ಇರಲಿಲ್ಲ, ಸ್ನಾಯುವಿನ ಊತ ಅಷ್ಟೇ. ಆದರೆ ಅದನ್ನು ಸ್ಕ್ಯಾನ್ ನೋಡಿಯೇ ಹೇಳಬೇಕು, ಊಹೆಯಿಂದಲ್ಲ.

ಪ್ರವಾಸದಿಂದ ಬಂದವರು ಈ ಲಕ್ಷಣಗಳಿದ್ದರೆ ತಡಮಾಡದೆ ಆಸ್ಪತ್ರೆಗೆ ಹೋಗಿ:

- ಒಂದೇ ಕಾಲು ಊದಿಕೊಂಡು ನೋಯುವುದು
- ಎದೆನೋವು, ಏದುಸಿರು
- ಕೋಲಾ ಅಥವಾ ಕಡು ಚಹಾದ ಬಣ್ಣದ ಮೂತ್ರ. ಸ್ನಾಯು ತೀವ್ರವಾಗಿ ಹಾನಿಗೊಂಡು ಮೂತ್ರಪಿಂಡಕ್ಕೆ ಹೊರೆಯಾಗಿರಬಹುದು

ಮನಸ್ಸಿನ ಮಾತು ಇನ್ನೊಂದು. ದಿನವೂ ಹೊಸ ಊರು ಕಂಡವರಿಗೆ ಮನೆಗೆ ಬಂದ ವಾರದಲ್ಲಿ ಬೇಸರ, ಮಂಕು ಕವಿಯುವುದು ಸಹಜ. ಸಂಜೆ ಅರ್ಧ ಗಂಟೆ ಹಗುರವಾಗಿ ಸೈಕಲ್ ತುಳಿಯುವುದು, ಸರಿಯಾದ ನಿದ್ದೆ ನೆರವಾಗುತ್ತವೆ. ಎರಡು ವಾರ ಕಳೆದರೂ ಮಂಕು ಹೋಗದಿದ್ದರೆ 14416 ಸಂಖ್ಯೆಯ ಟೆಲಿ ಮಾನಸ್ ಸಹಾಯವಾಣಿಗೆ ಕರೆ ಮಾಡಿ. ಕನ್ನಡದಲ್ಲೇ ಮಾತಾಡಬಹುದು, ಶುಲ್ಕವಿಲ್ಲ.

ಗೆಳೆಯರ ಸೈಕಲ್ ಮಾರಾಟವಾಗಲಿಲ್ಲ. ಈಗ ಬೆಳಿಗ್ಗೆ ಹಾಲು ತರಲು ತಾಯಿಯೇ ಅವರನ್ನು ಸೈಕಲ್ ಮೇಲೆ ಕಳಿಸುತ್ತಾರೆ. ನಿಮ್ಮ ಗ್ರೂಪಿನಲ್ಲೂ ಯಾರಾದರೂ ಪ್ರವಾಸ ಮುಗಿಸಿ ಬಂದಿದ್ದರೆ, ಹೆದರಿಸುವ ಸಂದೇಶದ ಬದಲು ಮೇಲಿನ ಮೂರು ಸಾಲಿನ ಪಟ್ಟಿಯನ್ನು ಕಳಿಸಿ.