ಸಣ್ಣ ಟ್ರಾಕ್ಟರಿನ ಮುಂದಿನ ಗಾಲಿಯ ಬೇರಿಂಗು: ಆರಿಸುವುದು, ಬದಲಿಸುವುದು

ಧನ್ವಾಡದ ಸುತ್ತ ಹತ್ತಿ, ತೊಗರಿಯ ಹೊಲಗಳಲ್ಲಿಯೂ ಕೆರೆ-ಬೋರುಗಳ ಕೆಳಗಿನ ಭತ್ತದ ಗದ್ದೆಗಳಲ್ಲಿಯೂ ಈಗ ಸಣ್ಣ ಟ್ರಾಕ್ಟರುಗಳು ಕಾಣುತ್ತವೆ. ಎತ್ತಿನ ಬಂಡಿಯ ಕಾಲದಲ್ಲಿ ಅಚ್ಚಿಗೆ ಕೀಲೆಣ್ಣೆ ಹಾಕದೆ ಬಂಡಿ ಹೂಡುವವರು ವಿರಳ. ಟ್ರಾಕ್ಟರು ಬಂದ ಮೇಲೆ ಇಂಜಿನ್ ಆಯಿಲನ್ನಷ್ಟೇ ನೋಡಿ ಮುಂದಿನ ಗಾಲಿಗಳನ್ನು ಮರೆಯುತ್ತೇವೆ.

ಈ ಮರೆವಿಗೆ ನಾವೂ ಹೊರತಲ್ಲ. ಒಂದು ಮುಂಗಾರಿನಲ್ಲಿ ಗದ್ದೆ ಕೆಸರು ಮಾಡುವಾಗ ನಮ್ಮ ಯಂತ್ರದ ಎಡಗಾಲಿ ಸದ್ದು ಮಾಡತೊಡಗಿತು. ಅವಸರದಲ್ಲಿ ಹೊರಗಿನ ಬೇರಿಂಗನ್ನು ಮಾತ್ರ ಬದಲಿಸಿ, ಹಳೆಯ ಸೀಲನ್ನು ಹಾಗೆಯೇ ಬಿಟ್ಟೆವು. ಎರಡು ವಾರದೊಳಗೆ ಹೊಸ ಬೇರಿಂಗೂ ಸುಟ್ಟು, ಅದು ಕೂಡುವ ಅಚ್ಚಿನ ತುದಿಯೂ ಸವೆಯಿತು. ಬೇರೆ ಅಚ್ಚು ಬರುವವರೆಗೆ ನಾಟಿ ನಿಂತು, ಮಡಿಯಲ್ಲಿ ಸಸಿ ಬಲಿತುಹೋಯಿತು. ಬೇರಿಂಗನ್ನು ಕೊಂದದ್ದು ಒಳಗೆ ಹೊಕ್ಕ ಕೆಸರುನೀರು. ಅದಕ್ಕೆ ದಾರಿ ಕೊಟ್ಟದ್ದು ಹಳೆಯ ಸೀಲು. ಆದುದರಿಂದ ಬೇರಿಂಗು ಬದಲಿಸುವವರು ನೀರು ಬಂದ ದಾರಿಯನ್ನು ಮೊದಲು ಮುಚ್ಚಬೇಕು.

ಒಳಗೆ ಏನಿದೆ?

ಎಂಜಿನ್ನಿನ ಶಕ್ತಿ ಹಿಂದಿನ ಗಾಲಿಗಳಿಗೆ ಮಾತ್ರ ಹೋಗುವ ಟ್ರಾಕ್ಟರಿನಲ್ಲಿ ಸಾಮಾನ್ಯವಾಗಿ ಮುಂದಿನ ಪ್ರತಿ ಗಾಲಿಯ ಹಬ್ಬಿನಲ್ಲಿ ಎರಡು ಬೇರಿಂಗುಗಳಿರುತ್ತವೆ: ಒಳಗೆ ದೊಡ್ಡದು, ಹೊರಗೆ ಚಿಕ್ಕದು. ಹೆಚ್ಚಾಗಿ ಇವು ಓರೆ ರೋಲರಿನವು. ರೋಲರುಗಳಿರುವ ಒಳಭಾಗವನ್ನು ಮೇಸ್ತ್ರಿಗಳು ಕೋನ್ ಎಂದೂ, ಹಬ್ಬಿನಲ್ಲಿ ಬಿಗಿಯಾಗಿ ಕೂಡುವ ಹೊರಬಳೆಯನ್ನು ಕಪ್ ಎಂದೂ ಕರೆಯುತ್ತಾರೆ. ಮೇಲಿನಿಂದ ಬೀಳುವ ಭಾರವನ್ನೂ, ತಿರುವಿನಲ್ಲಿ ಪಕ್ಕದಿಂದ ಬರುವ ಒತ್ತಡವನ್ನೂ ಒಟ್ಟಿಗೆ ತಾಳುವುದೇ ಓರೆಯ ಗುಣ. ಅಮೆರಿಕೆಯ ಹೆನ್ರಿ ಟಿಮ್ಕೆನ್ ಎಂಬ ಸಾರೋಟು ತಯಾರಕರು 1898ರಲ್ಲಿ ಇದಕ್ಕೆ ಪೇಟೆಂಟು ಪಡೆದರು. ಇನ್ನು ಕೆಲವು ಸಣ್ಣ ಯಂತ್ರಗಳಲ್ಲಿ ಗುಂಡಿನ ಬೇರಿಂಗು ಇರುವುದೂ ಉಂಟು. ನಾಲ್ಕು ಗಾಲಿಗೂ ಶಕ್ತಿ ಹೋಗುವ ಟ್ರಾಕ್ಟರಿನ ಮುಂಭಾಗದಲ್ಲಿ ಗೇರುಗಳೂ ಎಣ್ಣೆಯೂ ಇರುವುದರಿಂದ ಅದನ್ನು ಬಲ್ಲ ಮೇಸ್ತ್ರಿಯಿಂದಲೇ ಬಿಚ್ಚಿಸಬೇಕು.

ಕೆಟ್ಟಿರುವುದನ್ನು ತಿಳಿಯುವುದು

ಸಮನೆಲದಲ್ಲಿ ಯಂತ್ರ ನಿಲ್ಲಿಸಿ, ಹಿಂದಿನ ಗಾಲಿಗಳಿಗೆ ಕಲ್ಲು ಕೊಟ್ಟು, ಮುಂಭಾಗವನ್ನು ಜಾಕಿನಿಂದ ಎತ್ತಿ, ಅಚ್ಚಿನ ಕೆಳಗೆ ಗಟ್ಟಿ ಮರದ ದಿಮ್ಮಿ ಇಡಬೇಕು. ಜಾಕೊಂದನ್ನೇ ನಂಬಿ ಕೈಹಾಕಬಾರದು. ಗಾಲಿಯ ಮೇಲೂ ಕೆಳಗೂ ಹಿಡಿದು ಅಲುಗಿಸಿ ನೋಡಿ. ಹಬ್ಬು ಅಚ್ಚಿನ ಮೇಲೆ ಅಲುಗಿದರೆ ದೋಷ ಬೇರಿಂಗಿನದು. ಅಚ್ಚೂ ಜೊತೆಗೆ ಅಲುಗಿದರೆ ಕಿಂಗ್ ಪಿನ್ನಿನದು. ಗಾಲಿ ತಿರುಗಿಸಿದಾಗ ಗರಗರ ಸದ್ದು, ಓಡಾಟದ ನಂತರ ಒಂದೇ ಹಬ್ಬು ಹೆಚ್ಚು ಬಿಸಿಯಾಗುವುದು, ಸೀಲಿನ ಬಳಿ ಗ್ರೀಸು ಹಾಲಿನಂತೆ ಬೆಳ್ಳಗಾಗಿ ಹೊರಬರುವುದು, ಇವು ಉಳಿದ ಲಕ್ಷಣಗಳು. ಬೆಳ್ಳಗಾದ ಗ್ರೀಸೆಂದರೆ ನೀರು ಹೊಕ್ಕಿದೆಯೆಂದು ಅರ್ಥ.

ಆರಿಸುವಾಗ

ಹಳೆಯ ಬೇರಿಂಗನ್ನು ಒರೆಸಿ ಅದರ ಮೇಲಿನ ನಂಬರನ್ನು ಬರೆದುಕೊಂಡೇ ಅಂಗಡಿಗೆ ಹೋಗತಕ್ಕದ್ದು. ನಮ್ಮದು ಗಡಿಯ ಭಾಗ. ನಾರಾಯಣಪೇಟೆಯಲ್ಲಿ ತೆಲುಗಿನಲ್ಲಿ ಕೇಳಿದರೂ ರಾಯಚೂರಿನಲ್ಲಿ ಕನ್ನಡದಲ್ಲಿ ಕೇಳಿದರೂ ನಂಬರು ಒಂದೇ. 30205 ಎಂಬ ಓರೆ ರೋಲರಿನ ಬೇರಿಂಗನ್ನು ತೆಗೆದುಕೊಳ್ಳಿ. ಕೊನೆಯ ಎರಡು ಅಂಕೆ 05. ಅದನ್ನು 5ರಿಂದ ಗುಣಿಸಿದರೆ ಒಳರಂಧ್ರ 25 ಮಿಲಿಮೀಟರ್. ಹೊರಗಿನ ವ್ಯಾಸ 52 ಮಿಲಿಮೀಟರ್. ಗುಂಡಿನ 6205ಕ್ಕೂ ಇವೇ 25 ಮತ್ತು 52. ಆದರೂ ಒಂದರ ಬದಲು ಮತ್ತೊಂದು ಹಾಕಲಾಗದು, ಅವುಗಳ ದಪ್ಪವೂ ರಚನೆಯೂ ಬೇರೆ.

ಅಂಗುಲದ ಅಳತೆಯವಕ್ಕೆ ಈ ಲೆಕ್ಕ ನಡೆಯದು. ಎಲ್‌ಎಂ 11949 ಎಂಬುದು ಕೋನಿನ ನಂಬರು, ಅದರ ಕಪ್ಪು ಎಲ್‌ಎಂ 11910. ಇದರ ಒಳರಂಧ್ರ 19.05 ಮಿಲಿಮೀಟರ್, ಅಂದರೆ ಮುಕ್ಕಾಲು ಅಂಗುಲ. ಕಣ್ಣಿಗೆ 20 ಮಿಲಿಮೀಟರಿನದೂ ಇದೂ ಒಂದೇ ಎನಿಸೀತು. ನಂಬರು ಅಳಿಸಿಹೋಗಿದ್ದರೆ ಹೈಸ್ಕೂಲಿನ ವಿಜ್ಞಾನ ಕೊಠಡಿಯ ವರ್ನಿಯರ್ ಕ್ಯಾಲಿಪರ್ಸಿನಿಂದ ಅಳೆಯಬಹುದು. ನಾವು ಹಾಗೆಯೇ ಮಾಡುತ್ತೇವೆ. ಕೋನು, ಕಪ್ಪು ಜೋಡಿಯಾಗಿಯೇ ಕೊಳ್ಳಬೇಕು. ಹಳೆಯ ಕಪ್ಪಿನ ಗಾಯ ಹೊಸ ರೋಲರನ್ನು ಬೇಗ ತಿನ್ನುತ್ತದೆ. ನಂಬರಿನ ಕೆತ್ತನೆ ಮಸುಕಾಗಿದ್ದರೆ, ಬೆಲೆ ವಿಪರೀತ ಕಡಿಮೆಯಿದ್ದರೆ ನಕಲಿಯೋ ಎಂದು ಸಂಶಯಪಡಬೇಕು.

ಬದಲಿಸುವ ಕ್ರಮ

ಧೂಳುಮುಚ್ಚಳ ತೆಗೆದು, ಸ್ಪ್ಲಿಟ್ ಪಿನ್ನು ಎಳೆದು, ನಟ್ಟು ಬಿಚ್ಚಿ ಹಬ್ಬನ್ನು ಕಳಚಬೇಕು. ಹಳೆಯ ಕಪ್ಪನ್ನು ಹಿತ್ತಾಳೆಯ ಸಲಾಕೆಯಿಂದ ಸುತ್ತಲೂ ಸಮವಾಗಿ ತಟ್ಟಿ ಹೊರಡಿಸಬೇಕು. ಬೇರಿಂಗಿಗೆ ಉಕ್ಕಿನ ಸುತ್ತಿಗೆ ನೇರವಾಗಿ ಹೊಡೆದರೆ ಚೂರು ಸಿಡಿದು ಕಣ್ಣಿಗೆ ಬೀಳಬಹುದು. ಹಬ್ಬನ್ನು ಡೀಸೆಲಿನಲ್ಲಿ ತೊಳೆದು ಪೂರ್ತಿ ಒಣಗಿಸಬೇಕು. ಅಚ್ಚಿನಲ್ಲಿ ಗೀರುಗಳಿದ್ದರೆ ಅದಕ್ಕೂ ಚಿಕಿತ್ಸೆಯಾಗಬೇಕು.

ಹೊಸ ಕಪ್ಪನ್ನು ಓರೆಯಾಗದಂತೆ ತಳದವರೆಗೆ ಕೂಡಿಸಿ. ಲಿಥಿಯಂ ಗ್ರೀಸನ್ನು ಅಂಗೈಯಲ್ಲಿಟ್ಟು, ಕೋನನ್ನು ಅದಕ್ಕೆ ಒತ್ತುತ್ತ, ರೋಲರುಗಳ ನಡುವೆ ಇನ್ನೊಂದು ಬದಿಯಿಂದ ಹೊರಬರುವವರೆಗೆ ತುಂಬಿ. ಬೇರೆ ಬೇರೆ ಜಾತಿಯ ಗ್ರೀಸು ಬೆರೆಸಬೇಡಿ; ಹಬ್ಬಿನ ಪೊಳ್ಳನ್ನು ಕಿಕ್ಕಿರಿಸಿ ತುಂಬಿದರೆ ಶಾಖ ಹೆಚ್ಚುತ್ತದೆ. ಒಳಗಿನ ಕೋನು ಇಟ್ಟು, ಹೊಸ ಸೀಲನ್ನು ಅದರ ಸ್ಪ್ರಿಂಗಿನ ತುಟಿ ಗ್ರೀಸಿನ ಕಡೆಗೆ ಬರುವಂತೆ ಕೂಡಿಸಿ. ಬಳಿಕ ಹಬ್ಬನ್ನು ಅಚ್ಚಿಗೇರಿಸಿ ಹೊರಗಿನ ಕೋನು, ವಾಷರು, ನಟ್ಟು ಹಾಕಿ.

ಕೊನೆಯ ಕೆಲಸವೇ ಮುಖ್ಯ. ಗಾಲಿಯನ್ನು ತಿರುಗಿಸುತ್ತಲೇ ನಟ್ಟನ್ನು ಬಿಗಿಮಾಡಿ, ಗಾಲಿ ತುಸು ಭಾರವಾದೊಡನೆ ಪಿನ್ನಿನ ರಂಧ್ರಕ್ಕೆ ಕಚ್ಚು ಎದುರಾಗುವವರೆಗೆ ಹಿಂದಕ್ಕೆ ಸಡಿಲಿಸಿ. ಕಂಪನಿಯ ಪುಸ್ತಕದಲ್ಲಿ ಬೇರೆ ಅಳತೆಯಿದ್ದರೆ ಅದೇ ಪ್ರಮಾಣ. ಗಾಲಿ ಹಗುರವಾಗಿ ತಿರುಗಬೇಕು, ಅಲುಗಬಾರದು. ಸ್ಪ್ಲಿಟ್ ಪಿನ್ನು ಹೊಸದೇ ಆಗಿರಲಿ. ಬಂಡಿಗೆ ಕಡೆಗೀಲು ಹೇಗೋ ಇದಕ್ಕೆ ಈ ಪಿನ್ನು ಹಾಗೆ. ಅದು ಬಿದ್ದರೆ ರಸ್ತೆಯಲ್ಲಿ ಗಾಲಿಯೇ ಕಳಚೀತು. ಒಂದು ದಿನದ ಕೆಲಸದ ನಂತರ ಹಬ್ಬನ್ನು ಮುಟ್ಟಿ, ಗಾಲಿ ಅಲುಗಿಸಿ ಮತ್ತೆ ನೋಡಿ.

ಮುಂಗಾರಿಗೆ ಮುನ್ನ ಒಮ್ಮೆ, ಕೆಸರಿನ ಕೆಲಸ ಮುಗಿದ ಮೇಲೆ ಒಮ್ಮೆ ರೈತ ಬಾಂಧವರು ಈ ಪರೀಕ್ಷೆ ಮಾಡಿಕೊಂಡರೆ, ನಾಟಿಯ ದಿನ ಯಂತ್ರ ಗದ್ದೆಯ ನಡುವೆ ನಿಲ್ಲುವ ಸಂಭವ ಬಹಳ ಕಡಿಮೆ.